ಬಸ್ಸಿನ ಮೇಲೆ ಎಂಟು ಖಾಲಿ ಸಿಲಿಂಡರ್

ಅದೊಂದು ಸಾದಾ ಬುಧವಾರ. ನಾನು ಏಳನೆಯ ತರಗತಿಯ ಭಿನ್ನರಾಶಿ ತಿದ್ದುತ್ತ ಕೂತಿದ್ದೆ. ಜಮಖಂಡಿಯಲ್ಲಿ ಬಸ್ಸಿನ ಬಾಡಿ ಕಟ್ಟುತ್ತಿದ್ದ ನಮ್ಮ ಮನೆಯವರು ಕೈ ಕೂಡ ತೊಳೆಯದೆ ಒಳಗೆ ಬಂದು, "ಹೈಡ್ರೋಜನ್ ಬಸ್ ಬಂದೈತಿ" ಅಂದರು. ಅಂದಿನಿಂದ ಅವರಿಗೆ ಬೇರೆ ಮಾತೇ ಇರಲಿಲ್ಲ.

ಇಂಜಿನಿಯರಿಂಗ್ ಕಾಲೇಜಿನ ಪ್ರಾಧ್ಯಾಪಕರೊಬ್ಬರು ಹಳೆಯ ಬಸ್ಸೊಂದನ್ನು ತಂದಿದ್ದರು. ಡೀಸೆಲ್ ಬಿಟ್ಟು ಹೈಡ್ರೋಜನ್ ಮೇಲೆ ಓಡುವ ಬಸ್ಸಿನಲ್ಲಿ ಆ ಅನಿಲದ ಸಿಲಿಂಡರ್‌ಗಳು ಟಾಪಿನ ಮೇಲೆ ಕೂರಬೇಕು. ನಮ್ಮ ರಸ್ತೆಯ ಕುಲುಕಾಟಕ್ಕೆ ಅಲುಗದಂಥ ಚೌಕಟ್ಟು ಮಾಡುವುದು ಇವರ ಕೆಲಸ. ಅನಿಲ ತುಂಬುವುದು ಆಮೇಲಿನ ಮಾತು. ಸದ್ಯಕ್ಕೆ ಹಳೆಯ ಡೀಸೆಲ್ ಇಂಜಿನ್ನೇ, ಮೇಲೆ ಎಂಟು ಖಾಲಿ ಸಿಲಿಂಡರ್.

"ಓಡಿಸಿ ನೋಡೂ ದಿನ ನೀ ಬಸ್ಸಿನ್ಯಾಗ ಇರಬೇಕು," ಅಂದರು ನಮ್ಮವರು. "ಆತು," ಅಂದೆ.

ಇವರ ಗ್ಯಾರೇಜಿಗೆ ಬಂದವರು ಯಾರೂ ಸುಮ್ಮನೆ ಹೋಗುತ್ತಿರಲಿಲ್ಲ. ಏನಾದರೊಂದು ನಗೆಯ ಮಾತು ಬಿಟ್ಟೇ ಹೋಗುವರು. ರಾತ್ರಿ ಊಟಕ್ಕೆ ಕೂತಾಗ ನಮ್ಮವರು ಅದನ್ನು ನನಗೆ ಹೇಳುತ್ತಿದ್ದರು. ಅವರು ತೀರಿಕೊಂಡು ಎರಡು ವರ್ಷವಾಯಿತು. ಅವರು ಹೇಳಿದ್ದನ್ನು ಹೇಳಿದಷ್ಟೇ ಬರೆದಿದ್ದೇನೆ.

ನೀರು

ಸಾವಳಗಿಯ ಹಿರಿಯ ರೈತರೊಬ್ಬರು ಟ್ರಾಲಿ ಬೆಸುಗೆಗೆ ಬಂದಿದ್ದರು. ಬಸ್ಸಿನ ಸುತ್ತ ಎರಡು ಸಲ ತಿರುಗಿ, "ಇದು ಹೊಗಿ ಎಲ್ಲಿಂದ ಬಿಡತೈತಿ?" ಎಂದು ಕೇಳಿದರು.

"ಹೊಗಿ ಬರಂಗಿಲ್ರಿ ಯಜಮಾನ್ರ. ಮುಂದ ಹೈಡ್ರೋಜನ್ ಹಾಕಿದ ಮ್ಯಾಲ ಬರೇ ನೀರು ಬರತೈತಿ."

"ಖರೇನ?"

"ಖರೇನ್ರಿ."

ಅವರು ಪಟಕಾ ತೆಗೆದು ತಲೆ ಒರೆಸಿಕೊಂಡು ವಿಚಾರ ಮಾಡಿದರು. "ಹಂಗಾದ್ರ ನಮ್ಮೂರಿಗೆ ದಿನಾ ನಾಕು ಟ್ರಿಪ್ ಬಿಡ್ರಿ. ಮಂದಿ ಹತ್ತಲಿಲ್ಲಂದ್ರೂ ಅಡ್ಡಿಯಿಲ್ಲ."

ಪಾಳಿ

ಸಿಲಿಂಡರ್‌ಗಳನ್ನು ಟಾಪಿಗೆ ಏರಿಸಿದ ಮರುದಿನ ಬೆಳಿಗ್ಗೆ ಗ್ಯಾರೇಜಿನ ಮುಂದೆ ಓಣಿಯ ಆರು ಮಂದಿ ಹೆಣ್ಣುಮಕ್ಕಳು ಅಡುಗೆ ಗ್ಯಾಸಿನ ಖಾಲಿ ಸಿಲಿಂಡರ್ ಇಟ್ಟುಕೊಂಡು ಪಾಳಿ ಹಚ್ಚಿದ್ದರು.

"ಅಕ್ಕಾರ, ಇವು ಬಸ್ಸಿನವು. ಎಲ್ಲಾ ಖಾಲಿ ಅದಾವ್ರಿ," ಅಂದರು ನಮ್ಮವರು.

"ನಮ್ಮವೂ ಖಾಲೀನ ಅದಾವು. ನಿಮ್ಮವು ತುಂಬೂ ದಿನ ನಮ್ಮವೂ ತುಂಬಸ್ರಿ," ಎಂದಳು ಮುಂದೆ ನಿಂತವಳು. ಪಾಳಿ ತಪ್ಪಬಾರದೆಂದು ಆರೂ ಮಂದಿ ಸಿಲಿಂಡರ್‌ಗಳನ್ನು ಸಾಲಾಗಿ ಅಲ್ಲೇ ಬಿಟ್ಟು ರೊಟ್ಟಿ ಬಡಿಯಲು ಹೋದರು.

ಸಂಜೆ ಬಂದ ಪ್ರಾಧ್ಯಾಪಕರು ಕನ್ನಡಕ ಸರಿಮಾಡಿಕೊಂಡು ಕೇಳಿದರು: "ಎಂಟು ಕೊಟ್ಟಿದ್ದೆ. ಹದಿನಾಲ್ಕು ಹೆಂಗಾದ್ವು?"

ಪಟ್ಟಿ

ಸಿಲಿಂಡರಿಗೂ ಚೌಕಟ್ಟಿಗೂ ನಡುವೆ ಹಾಸಿದ ರಬ್ಬರು ನಿಲ್ಲಲಿಲ್ಲ. ಇವರ ಗೆಳೆಯ, ಬನಹಟ್ಟಿಯ ನೇಕಾರ, ತನ್ನ ವಿದ್ಯುತ್ ಮಗ್ಗದ ಹಳೆಯ ಬೆಲ್ಟಿನ ಪಟ್ಟಿ ತಂದುಕೊಟ್ಟ. "ನನ್ನ ಮಗ್ಗ ಕುಣಿದಷ್ಟು ನಿನ್ನ ಬಸ್ಸು ಕುಣಿಯಂಗಿಲ್ಲ, ತಗೋಲೇ." ಪಟ್ಟಿ ಗಟ್ಟಿ ನಿಂತಿತು. ಪ್ರಾಧ್ಯಾಪಕರು ವರದಿಯಲ್ಲಿ ಅದಕ್ಕೆ 'ಕಂಪನ ನಿರೋಧಕ ಪದರ' ಎಂದು ಹೆಸರಿಟ್ಟರು. ವಾರದ ಮೇಲೆ ಗೆಳೆಯ ಮತ್ತೆ ಬಂದ. "ಹೊಸಾ ಪಟ್ಟಿ ಹರದೈತಿ. ನಿನ್ನ ಪದರ ಬಿಚ್ಚಿ ಕೊಡಪಾ, ಮಗ್ಗ ನಿಂತೈತಿ."

ಉಸುಕಿನ ಪ್ರಯಾಣಿಕರು

ಓಡಿಸಿ ನೋಡುವ ದಿನ ಬಂತು. ನಾನು ಹೋಗಲಿಲ್ಲ. ಉತ್ತರಪತ್ರಿಕೆಗಳನ್ನು ಅಂದು ಸಂಜೆಯೊಳಗೆ ಒಪ್ಪಿಸಬೇಕಿತ್ತು. "ಮುಂದಿನ ಸಲ ಖಂಡಿತ," ಅಂದೆ.

ಪ್ರಯಾಣಿಕರ ತೂಕಕ್ಕೆಂದು ಸೀಟಿಗೊಂದು ಉಸುಕಿನ ಚೀಲ ಇಟ್ಟಿದ್ದರು. ಮೂರನೆಯ ಸೀಟಿನ ಮೇಲೆ ಮಾತ್ರ ಚೀಲವಿರಲಿಲ್ಲ. ಅಲ್ಲಿ ನಮ್ಮವರು ತಮ್ಮ ಟವೆಲ್ ಹಾಕಿದ್ದರು.

ಬನಹಟ್ಟಿಯತನಕ ಓಡಿಸಿ, ಅಲ್ಲಿ ಬಸ್ಸು ನಿಲ್ಲಿಸಿ ಚಹಾ ಕುಡಿದು ಬರುವಷ್ಟರಲ್ಲಿ ಚೀಲಗಳೆಲ್ಲ ರಸ್ತೆಯ ಮೇಲೆ, ಬಸ್ಸಿನ ತುಂಬ ಮಂದಿ.

"ಇದು ಪರೀಕ್ಷಾದ ಬಸ್ರಿ, ಇಳೀರಿ!" ಎಂದು ಪ್ರಾಧ್ಯಾಪಕರು ಕೂಗಿದರು.

"ಮಂದಿ ನಿಂತಿರೂವಾಗ ಉಸುಕು ಕೂಡತೈತೇನೋ ತಮ್ಮಾ?" ಎಂದು ಮುದುಕಿಯೊಬ್ಬಳು ಕಿಟಕಿಯಿಂದಲೇ ಗದರಿಸಿದಳು. "ಪರೀಕ್ಷಾ ನಮ್ದ ಮಾಡು. ಜಮಖಂಡಿತನಕ ಬಿಡು."

ಯಾರೂ ಇಳಿಯಲಿಲ್ಲ. ಕೊನೆಗೆ ಎದುರಿನ ನೂಲಿನ ಅಂಗಡಿಯ ತಕ್ಕಡಿ ತಂದು ಒಬ್ಬೊಬ್ಬರನ್ನೇ ಇಳಿಸಿ, ತೂಗಿ, ಹತ್ತಿಸಿದರು. "ತೂಕಾ ಚಪ್ಪಲಿ ಹಿಡದು ಬರಿಯಾಂವೋ, ಬಿಟ್ಟು ಬರಿಯಾಂವೋ?" ಎಂದಳು ಮುದುಕಿ. ಸೀರೆ ವ್ಯಾಪಾರಿಯೊಬ್ಬ ತಕ್ಕಡಿಯ ಮೇಲೆ ಉಸಿರು ಬಿಗಿಹಿಡಿದು ನಿಂತ. "ಉಸಿರು ಬಿಡ್ರೀ ಸಾವಕಾರ್ರ, ಅದರಾಗ ಏನೂ ಕಡಿಮಿ ಆಗಂಗಿಲ್ಲ!" ಎಂದು ಬಸ್ಸೆಲ್ಲ ಕೂಗಿತು.

ಐದು ಮಂದಿ ನಿಂತೇ ಬಂದರು. ಮೂರನೆಯ ಸೀಟಿನಲ್ಲಿ ಮಾತ್ರ ಯಾರೂ ಕೂರಲಿಲ್ಲ. ಚೀಲಗಳನ್ನು ಹೊರಗೆ ಹಾಕಿಸಿದ ಆ ಮುದುಕಿಯೇ ಕಾವಲಿಗಿದ್ದಳು: "ಟವೆಲ್ ಕಾಣಂಗಿಲ್ಲೇನ? ಯಾರೋ ಹಿಡದಾರ. ಬರತಾರ."

ಎಂಟೂ ಸಿಲಿಂಡರ್ ಅಲುಗದೆ ಜಮಖಂಡಿ ಮುಟ್ಟಿದವು. ಮುಂದಿನ ಸಲ ಎಂಬುದು ಬರಲಿಲ್ಲ. ಕಾಲೇಜಿನವರು ಬಸ್ಸನ್ನು ಒಯ್ದರು.

ಅಂದಿನ ತೂಕದ ಹಾಳೆ ನನ್ನ ಹತ್ತಿರ ಇದೆ. ಮೂರನೆಯ ಸೀಟಿನ ಎದುರು ನಮ್ಮವರು ನನ್ನ ತೂಕ ಬರೆದಿದ್ದಾರೆ: ಐವತ್ತೆರಡು ಕಿಲೋ.