ಒಂದೇ ಉಸಿರಿನ ಮಾವ

ನನ್ನ ಸೋದರಮಾವ ಜೀವಮಾನದಲ್ಲಿ ಓಡಿದ್ದು ಲೋಕಲ್ ರೈಲು ಹಿಡಿಯುವುದಕ್ಕೆ ಮಾತ್ರ. ಅದೂ ಎಷ್ಟೋ ಸಲ ಸಿಗುತ್ತಿರಲಿಲ್ಲ! ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು, ಜೇಬಿನಲ್ಲಿ ಸದಾ ಉಬ್ಬಸದ ಪಂಪು. ಇಂಥವರು ಒಬ್ಬ ಕಬಡ್ಡಿ ಆಟಗಾರ್ತಿಯ ಗುರು ಎಂದರೆ ನಂಬುತ್ತೀರಾ? ನಂಬಲೇಬೇಕು. ಆ ಆಟಗಾರ್ತಿ ನಾನೇ.

ಆಗ ನಾವಿದ್ದದ್ದು ಡೊಂಬಿವಲಿಯಲ್ಲಿ. ಮಾವನ ಮನೆಯೂ ಅದೇ ಬಿಲ್ಡಿಂಗಿನಲ್ಲಿ. ನಾನು ಠಾಣೆಯ ಕಾಲೇಜಿನಲ್ಲಿ ಬಿ.ಕಾಂ. ಓದುತ್ತಿದ್ದೆ. ಓದುತ್ತಿದ್ದೆ ಎನ್ನುವುದು ಸ್ವಲ್ಪ ಹೆಚ್ಚಾಯಿತು. ಮನಸ್ಸೆಲ್ಲ ಮೈದಾನದಲ್ಲೇ ಇತ್ತು. ಮೊದಲ ವರ್ಷ ಎರಡು ವಿಷಯಗಳಲ್ಲಿ ಡುಮ್ಕಿ ಹೊಡೆದೆ. ಮುಂಬಯಿಯಲ್ಲಿ ಅದಕ್ಕೆ ‘ಕೆಟಿ ಬಿತ್ತು’ ಎನ್ನುತ್ತಾರೆ. ತಮ್ಮ ಹೋಟೆಲಿನ ಗಲ್ಲಾಪೆಟ್ಟಿಗೆ ಬಿಟ್ಟು ಎದ್ದು ಬಂದ ಅಪ್ಪ ಒಂದೇ ಮಾತು ಹೇಳಿದರು: “ಇನ್ನೊಂದು ಕೆಟಿ ಬಿದ್ರೆ ಆಟ ಬಂದ್.”

ನಾನು ಅಳುತ್ತಾ ಕೂತಿದ್ದೆ. ಚಹಾ ಕುಡಿಯಲು ಬಂದಿದ್ದ ಮಾವ ನಡುವೆ ಬಾಯಿ ಹಾಕಿದರು.

“ಭಾವ, ಆಟ ನಿಲ್ಲಿಸುದು ಬೇಡ. ಇವಳನ್ನು ಪಾಸು ಮಾಡಿಸುದು ನನ್ನ ಜವಾಬ್ದಾರಿ.”

“ನಿಮಗೆ ಕಬಡ್ಡಿ ಬಗ್ಗೆ ಎಂಥ ಗೊತ್ತುಂಟು?”

“ಎಂಥದೂ ಇಲ್ಲ. ಅದಕ್ಕೆ ಕೋಚ್ ಇದ್ದಾರಲ್ಲ! ಉಳಿದದ್ದಕ್ಕೆ ಯಾರುಂಟು?”

ಮರುದಿನದಿಂದಲೇ ಶುರುವಾಯಿತು. ಬೆಳಗ್ಗೆ ಕಾಲೇಜಿಗೆ ಹೋಗುವ ನನ್ನ ರೈಲಿಗೇ ಮಾವನೂ ಹತ್ತತೊಡಗಿದರು. ನಾನು ಲೇಡೀಸ್ ಡಬ್ಬಿ, ಅವರು ಪಕ್ಕದ ಜನರಲ್ ಡಬ್ಬಿ; ನಡುವೆ ಜಾಲರಿ. ಪಾಠಕ್ಕೆ ಜಾಲರಿ ಅಡ್ಡಿಯೇ? ಜನರ ನಡುವೆ ನುಗ್ಗಿ, ಜಾಲರಿಗೆ ಮೂಗು ತಾಗಿಸಿ, “ಕಾಂಟ್ರಾಕ್ಟಿಗೆ ಏನೇನು ಬೇಕು ಮಗಾ?” ಎಂದು ಕೂಗುತ್ತಿದ್ದರು. ನಾನು ನಾಚಿಕೆಯಿಂದ ತೊದಲುತ್ತಿದ್ದೆ. ತಿಂಗಳೊಪ್ಪತ್ತಿನಲ್ಲಿ ನಮ್ಮ ಡಬ್ಬಿಗೆ ಡಬ್ಬಿಯೇ ಬಿಸಿನೆಸ್ ಲಾ ಕಲಿತುಬಿಟ್ಟಿತು! ಒಂದು ದಿನ ನಾನು ತಡವರಿಸಿದಾಗ ಹೂ ಕಟ್ಟುತ್ತಿದ್ದ ಮರಾಠಿ ಹೆಂಗಸೊಬ್ಬರು ತಲೆ ಎತ್ತದೆ, “ಅಗಂ, ಫ್ರೀ ಕನ್ಸೆಂಟ್ ರಾಹಿಲಾ ನಾ!” ಎಂದು ನಾನು ಬಿಟ್ಟದ್ದನ್ನು ನೆನಪಿಸಿದರು. ಮಾವ ಜಾಲರಿಯಾಚೆಯಿಂದ ಅವರಿಗೆ ಕೈಮುಗಿದರು.

ಮಾವನ ಕಚೇರಿ ಬೇಲಾಪುರದಲ್ಲಿ. ತೆರೆಯುವುದು ಹತ್ತು ಗಂಟೆಗೆ. ಠಾಣೆಯ ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ನನಗೆ ಅರ್ಧ ಗಂಟೆ ಪಾಠ ಹೇಳಿ, ರೈಲು ಬದಲಾಯಿಸಿ ಹೋದರೂ ಅವರು ಎಂಟೂಕಾಲಿಗೆ ಅಲ್ಲಿರುತ್ತಿದ್ದರು. ದಿನಾ ಬಾಗಿಲಲ್ಲಿ ಕಾಯುವ ಅವರನ್ನು ನೋಡೀ ನೋಡೀ, ಕೊನೆಗೆ ವಾಚ್‌ಮನ್ ಬೀಗದ ಕೈಯನ್ನೇ ಅವರಿಗೆ ಒಪ್ಪಿಸಿಬಿಟ್ಟ!

ಬೆಂಚಿನ ಮೇಲೆ ಬರೀ ಪಾಠವಲ್ಲ, ಮುಂದಿನ ನೌಕರಿಯ ಇಂಟರ್‌ವ್ಯೂ ತಾಲೀಮೂ ನಡೆಯುತ್ತಿತ್ತು. ಮೂವರು ಸಾಹೇಬರ ಪಾತ್ರವೂ ಅವರದೇ, ಮೂರು ಬಗೆಯ ಸ್ವರದಲ್ಲಿ. “ಮುಝೆ ತೋ ಖೇಲ್ನಾ ಹೈ ಮಾವ, ನೌಕರಿ ಬಾದ್ ಮೇ,” ಎಂದು, ಆಟ ಮೊದಲು ಕೆಲಸ ಆಮೇಲೆ ಎಂಬಂತೆ ನಾನು ಹಟ ಹಿಡಿದರೆ, “ನಿನ್ನ ಮೊಣಕಾಲು ನಿನಗಿಂತ ಮೊದಲೇ ರಿಟೈರ್ ಆಗ್ತದೆ ಮಾರಾಯ್ತಿ, ಅದರ ನಂತರ ಎಂಥ ಮಾಡ್ತಿ?” ಎನ್ನುತ್ತಿದ್ದರು. ನಾನು ಕಪಾಟಿನಲ್ಲಿ ತುರುಕಿಟ್ಟಿದ್ದ ಆಟದ ಸರ್ಟಿಫಿಕೇಟುಗಳು ಅವರ ಫೈಲಿನಲ್ಲಿ ಇಸ್ತ್ರಿ ಹಾಕಿದಷ್ಟು ನೆಟ್ಟಗೆ ಕೂತಿದ್ದವು.

ಆದರೆ ಅವರ ಮಹಾ ಸಂಶೋಧನೆ ಬೇರೆಯೇ ಇತ್ತು. ಕಬಡ್ಡಿಯಲ್ಲಿ ಎದುರಾಳಿಯ ಅಂಗಳಕ್ಕೆ ಹೋದವರು ಒಂದೇ ಉಸಿರಿನಲ್ಲಿ ‘ಕಬಡ್ಡಿ ಕಬಡ್ಡಿ’ ಎನ್ನುತ್ತಿರಬೇಕಷ್ಟೆ? “ಪ್ರಾಕ್ಟೀಸಿನಲ್ಲಿ ಆ ಉಸಿರು ದಂಡ ಆಗ್ತದೆ. ಒಂದು ಉಸಿರಿಗೆ ಒಂದು ಡೆಫಿನಿಷನ್ ಹೇಳು,” ಎಂದರು ಮಾವ. ಪ್ರತಿದಿನ ಮೈದಾನದಲ್ಲಿ ನಾನು “ಆಲ್ ಕಾಂಟ್ರಾಕ್ಟ್ಸ್ ಆರ್ ಅಗ್ರಿಮೆಂಟ್ಸ್, ಬಟ್ ಆಲ್ ಅಗ್ರಿಮೆಂಟ್ಸ್ ಆರ್ ನಾಟ್ ಕಾಂಟ್ರಾಕ್ಟ್ಸ್” ಎನ್ನುತ್ತಾ ನುಗ್ಗಿದೆ. ಪಾಠ ಬಾಯಿಗೆ ಬಂತು, ಉಸಿರೂ ಬೆಳೆಯಿತು. ಇದಕ್ಕಿಂತ ಇನ್ನೇನು ಬೇಕು?

ಆಗಬಾರದ್ದು ಅಂತರ ಕಾಲೇಜು ಸೆಮಿಫೈನಲ್‌ನಲ್ಲಿ ಆಯಿತು. ಕೊನೆಯ ನಿಮಿಷ, ಸ್ಕೋರು ಸಮ. ನಾನು ‘ಕಬಡ್ಡಿ ಕಬಡ್ಡಿ’ ಎನ್ನುತ್ತಲೇ ಹೋದೆ. ಒಬ್ಬಳನ್ನು ಮುಟ್ಟಿದೆ. ಇನ್ನೊಬ್ಬಳು ನನ್ನ ಸೊಂಟಕ್ಕೆ ಜೋತುಬಿದ್ದಳು. ಎಳೆದಾಟದಲ್ಲಿ ಉಸಿರು ಕಟ್ಟುವಂತಾಯಿತು ನೋಡಿ, ನಾಲಗೆ ಅಭ್ಯಾಸದ ದಾರಿ ಹಿಡಿಯಿತು: “ಆಲ್ ಕಾಂಟ್ರಾಕ್ಟ್ಸ್ ಆರ್ ಅಗ್ರಿಮೆಂಟ್ಸ್...” ಅಂಪೈರ್ ಶಿಳ್ಳೆ ಹಾಕಿ ಔಟ್ ಕೊಟ್ಟರು. ಅವರು ತಮ್ಮ ಇಪ್ಪತ್ತು ವರ್ಷಗಳ ಅನುಭವದಲ್ಲಿ ಇಂಥ ಫೌಲ್ ಕಂಡಿರಲಿಲ್ಲವಂತೆ! ನಾವು ಸೋತೆವು. ಕೋಚ್ ಒಂದು ವಾರ ನನ್ನೊಡನೆ ಮಾತು ಬಿಟ್ಟರು.

ಮನೆಗೆ ಬಂದು ಮಾವನ ಮೇಲೆ ಹರಿಹಾಯ್ದೆ. ಅವರು ಎಲ್ಲವನ್ನೂ ಕೇಳಿ, ಗಂಭೀರವಾಗಿ ವಿಚಾರಿಸಿದರು:

“ಡೆಫಿನಿಷನ್ ಪೂರ್ತಿ ಹೇಳಿದ್ಯಾ?”

ಆ ವರ್ಷ ನನಗೆ ಕೆಟಿ ಬೀಳಲಿಲ್ಲ. ಮುಂದಿನ ವರ್ಷವೂ ಬೀಳಲಿಲ್ಲ. ಆಟವೂ ನಿಲ್ಲಲಿಲ್ಲ. ಡಿಗ್ರಿ ಕೈಗೆ ಬಂದ ವರ್ಷವೇ ಬೇಲಾಪುರದ ಇನ್ನೊಂದು ಕಚೇರಿಯಲ್ಲಿ ಆಟಗಾರರಿಗಾಗಿ ಒಂದೇ ಒಂದು ಹುದ್ದೆ ಖಾಲಿ ಇತ್ತು. ಬೆಳಗ್ಗೆ ಮೈದಾನದಲ್ಲಿ ಪರೀಕ್ಷೆ, ಮಧ್ಯಾಹ್ನ ಇಂಟರ್‌ವ್ಯೂ. ಅದು ತಪ್ಪಿದರೆ ಆಟವನ್ನು ಮರೆತು ಅಪ್ಪನ ಗಲ್ಲೆಯಲ್ಲಿ ಕೂರಬೇಕಿತ್ತು. ಮಾವ ನನ್ನ ಕೈಗೆ ಫೈಲು ಕೊಟ್ಟು, “ಆಟ ನೋಡ್ಲಿಕ್ಕೆ ನನಗೆಲ್ಲಿ ಪುರ್ಸೊತ್ತು? ಆಫೀಸುಂಟು,” ಎಂದು ಹೊರಟುಹೋದರು. ಅಷ್ಟು ವರ್ಷಗಳಲ್ಲಿ ನನ್ನ ಒಂದು ಪಂದ್ಯವನ್ನೂ ಅವರು ನೋಡಿದವರಲ್ಲ. ನನಗೆ ಆ ಬಗ್ಗೆ ಒಳಗೊಳಗೇ ಸಿಟ್ಟಿತ್ತು.

ಮೈದಾನದ ಪರೀಕ್ಷೆಯ ಕೊನೆಯ ಸರದಿಯಲ್ಲಿ ನನ್ನನ್ನು ಇಬ್ಬರು ಹಿಡಿದರು. ಮಧ್ಯದ ಗೆರೆ ಒಂದು ಮೊಳ ದೂರ. ಉಸಿರು ಮುಗಿಯುತ್ತಿತ್ತು. ನೆಲಕ್ಕೆ ಬಿದ್ದು ತಲೆ ಎತ್ತಿದರೆ, ಮೈದಾನದ ತಂತಿ ಬೇಲಿಯಾಚೆ ಮಾವ! ಜಾಲರಿಗೆ ಮೂಗು ತಾಗಿಸಿ, ಕಣ್ಣು ನನ್ನ ಮೇಲಿಟ್ಟು, ನನ್ನೊಂದಿಗೇ ತುಟಿ ಆಡಿಸುತ್ತಿದ್ದರು: ಕಬಡ್ಡಿ, ಕಬಡ್ಡಿ, ಕಬಡ್ಡಿ. ಮುಖ ಕೆಂಪಾಗಿತ್ತು. ನಾನು ಕೈ ಚಾಚಿ ಗೆರೆ ಮುಟ್ಟುವವರೆಗೂ ಅವರು ಉಸಿರು ಬಿಡಲಿಲ್ಲ. ಮುಟ್ಟಿದ ಮೇಲೆ ಅಲ್ಲೇ ಕುಸಿದು ಕೂತರು.

ನಾನು ಓಡಿಹೋದೆ. ಜೇಬಿನ ಪಂಪನ್ನು ಎರಡು ಸಲ ಎಳೆದುಕೊಂಡು, ಕೆಮ್ಮುತ್ತಾ ಅಂದರು: “ಎಲ್ಲಿ ಮತ್ತೆ ಕಾಂಟ್ರಾಕ್ಟ್ ಹೇಳ್ತೀಯೋ ಅಂತ ಹೆದರಿಕೆ ಆಯ್ತು ಮಗಾ. ಅದಕ್ಕೆ ನಾನೇ ನೆನಪು ಮಾಡ್ತಾ ಇದ್ದೆ.”

“ಆಟ ನೋಡೋದಕ್ಕೆ ಪುರ್ಸೊತ್ತಿಲ್ಲ ಅಂದಿದ್ರಿ?”

“ನೋಡಿದ್ರೆ ನನಗೆ ಉಸಿರು ಕಟ್ತದೆ. ಅದನ್ನು ನಿನಗೆ ಹೇಗೆ ಹೇಳುದು?”

ಮಧ್ಯಾಹ್ನ ಇಂಟರ್‌ವ್ಯೂನಲ್ಲಿ ಮೂವರು ಸಾಹೇಬರಿದ್ದರು. ಅವರ ಪ್ರಶ್ನೆಗಳೆಲ್ಲ ಬೆಂಚಿನ ಮೇಲೆ ಕೇಳಿದ್ದವೇ. ನನಗೆ ಕೆಲಸ ಸಿಕ್ಕಿತು. ಇದ್ದ ಅಷ್ಟಿಷ್ಟು ಉಸಿರನ್ನೂ ಮಾವ ನನಗೇ ಕೊಟ್ಟುಬಿಟ್ಟರಲ್ಲ ಎಂದು ಈಗಲೂ ಅನ್ನಿಸುತ್ತದೆ. ನನ್ನ ಮೊಣಕಾಲು ಅವರು ಹೇಳಿದಂತೆಯೇ ಬೇಗ ರಿಟೈರ್ ಆಯಿತು. ಈಗ ಬೆಳಗ್ಗೆ ಕಚೇರಿಗೆ ಹೋಗುವಾಗ ಠಾಣೆಯ ಅದೇ ಬೆಂಚಿನಲ್ಲಿ ಅರ್ಧ ಗಂಟೆ ಕೂರುತ್ತೇನೆ. ಎರಡು ಕೆಟಿ ಬಿದ್ದಿರುವ ಖೋಖೋ ಹುಡುಗಿಯೊಬ್ಬಳು ಪುಸ್ತಕ ಹಿಡಿದು ಅಲ್ಲಿಗೆ ಬರುತ್ತಾಳೆ.