ಮೊಸರಿಗೆ ಕೇಳಿಸುತ್ತದೆ!

ನಾನು ನಿಂತಿದ್ದದ್ದು ಕಾಲೇಜಿನ ಸೂಕ್ಷ್ಮಾಣು ಪ್ರಯೋಗಾಲಯದಲ್ಲಿ, ಕಿಟಕಿ ಪಕ್ಕದ ಮೇಜಿನ ಎಡತುದಿಗೆ. ಐವತ್ತೆಂಟನೆಯ ಇಸವಿ, ದೀಪಾವಳಿ ರಜೆ ಮುಗಿದ ಮೊದಲ ಸೋಮವಾರ, ಬೆಳಗಿನ ತರಗತಿ. ಎದುರಿಗೆ ಸ್ಪಿರಿಟ್ ದೀಪ ಉರಿಯುತ್ತಿತ್ತು. ಇಷ್ಟು ಕರಾರುವಾಕ್ಕಾಗಿ ಹೇಳದಿದ್ದರೆ ನೀವು ನಂಬುವುದಿಲ್ಲ: ನನ್ನ ಚಿಕ್ಕಮ್ಮ, ಟೈಫಾಯ್ಡ್ ರೋಗಾಣು ಬೆಳೆಸಿದ್ದ ಗಾಜಿನ ಕೊಳವೆಗಳ ಪಕ್ಕದ ಸಾಲಿನಿಂದ ಒಂದನ್ನು ಎತ್ತಿ, ಅಂಗೈಗೆ ಬಗ್ಗಿಸಿಕೊಂಡು ನೆಕ್ಕಿಬಿಟ್ಟಳು!

ಚಿಕ್ಕಮ್ಮ ಎಂಥವಳೆಂದು ಹೇಳದೆ ಇದು ಅರ್ಥವಾಗದು. ಸೊರಬದ ಕಡೆಯ ಕುಪ್ಪಗಡ್ಡೆಯಿಂದ ಶಿಕಾರಿಪುರಕ್ಕೆ ಸೊಸೆಯಾಗಿ ಬಂದಾಗ, ತನ್ನ ಅವ್ವ ಕೊಟ್ಟ ಹೆಪ್ಪನ್ನು ಹಿತ್ತಾಳೆ ಲೋಟದಲ್ಲಿ ಮಡಿಲಲ್ಲಿಟ್ಟುಕೊಂಡು ಬಂದಳಂತೆ. ದಾರಿಯಲ್ಲಿ ಮದುಮಗ ಮಾತಾಡಿಸಿದರೆ, "ಸುಮ್ನಿರ್ರಿ, ಹೆಪ್ಪು ಕದಡ್ತೈತೆ" ಎಂದಳಂತೆ! ಅಂದಿನಿಂದ ಆ ಮನೆಯಲ್ಲಿ ಒಂದೇ ಕಾನೂನು: ಮೊಸರಿನ ಗಡಿಗೆಯ ಹತ್ತಿರ ಯಾರೂ ದನಿ ಏರಿಸಬಾರದು.

"ಜಗಳ ಇದ್ರೆ ಹಿತ್ತಲಿಗೆ ಹೋಗ್ರಿ. ಮೊಸರಿಗೆ ಕೇಳಿಸ್ತೈತೆ."

ಪಾಪ, ಚಿಕ್ಕಪ್ಪನಿಗೆ ಸಿಟ್ಟು ಬಂದರೆ, "ಸ್ವಲ್ಪ ಹಿತ್ತಲಿಗೆ ಬರ್ತೀಯೇನು?" ಎಂದು ವಿನಯದಿಂದ ಕೇಳಬೇಕು. ಹಿತ್ತಲು ಮುಟ್ಟುವಷ್ಟರಲ್ಲಿ ಬೈಗುಳವೇ ಮರೆತುಹೋಗಿರುತ್ತಿತ್ತು! ನೆರೆಯವರು ಹೆಪ್ಪು ಕೇಳಿದರೆ ಕೊಡುತ್ತಿರಲಿಲ್ಲ. "ಅವರ ಮನ್ಯಾಗೆ ಜಗಳ ಜಾಸ್ತಿ. ಅಲ್ಲಿ ಹೆಂಗ್ ಬಾಳ್ತೈತೆ ಅದು?"

ಆ ಮನೆಯಲ್ಲಿದ್ದು ಓದಿದ ನನಗೆ ಪ್ರಯೋಗಾಲಯ ಹೊಸದೆನಿಸಲೇ ಇಲ್ಲ. ಹನಿ ಎತ್ತುವ ತಂತಿಯನ್ನು ಕೆಂಪಗೆ ಕಾಯಿಸದೆ ಕೊಳವೆಗೆ ಇಳಿಸಬಾರದು; ಹತ್ತಿಯ ಬಿರಡೆಯನ್ನು ಮೇಜಿನ ಮೇಲಿಡಬಾರದು; ತೆರೆದ ಕೊಳವೆಯ ಮೇಲೆ ಮಾತಾಡಬಾರದು! ನಮ್ಮನ್ನು ಬೈಯಬೇಕಾದರೆ ಮೇಷ್ಟ್ರು ಕೂಡ ವರಾಂಡಕ್ಕೆ ಕರೆದೊಯ್ಯುತ್ತಿದ್ದರು. ದಸರೆಯಲ್ಲಿ ಚಿಕ್ಕಮ್ಮನನ್ನು ಕಾಡಿ ಬೇಡಿ ಒಂದು ಚಮಚ ಹೆಪ್ಪು ತಂದಿದ್ದೆ. ಆಗಾಗ ಅದರ ಹನಿಯೊಂದನ್ನು ಹೊಸ ಹಾಲಿನ ಕೊಳವೆಗೆ ದಾಟಿಸುವುದು ನನ್ನ ಕೆಲಸ. ಆ ಹಾಲಿಗೆ ಲಿಟ್ಮಸ್ ಬೆರೆಸಿರುತ್ತಿತ್ತು. ಹುಳಿಯಾದರೆ ನೇರಳೆ ಬಣ್ಣ ಕೆಂಪಾಗುತ್ತಿತ್ತು.

ದೀಪಾವಳಿಗೆ ಚಿಕ್ಕಪ್ಪ, ನೆಂಟರಿಗೆ ಮಜ್ಜಿಗೆ ಕೊಡುವ ಉತ್ಸಾಹದಲ್ಲಿ, ಗಡಿಗೆ ಬರಿದು ಮಾಡಿ, ತೊಳೆದು, ಬೋರಲು ಹಾಕಿಬಿಟ್ಟರು. ಕುಪ್ಪಗಡ್ಡೆಯಲ್ಲಾದರೂ ಉಳಿದಿತ್ತೇ? ಚಿಕ್ಕಮ್ಮನ ಅವ್ವ ತೀರಿಕೊಂಡ ಮೇಲೆ ಅಲ್ಲಿ ಚಿಕ್ಕಮ್ಮನ ಅಣ್ಣನ ಹೆಂಡತಿ ತನ್ನ ತವರಿನ ಹೆಪ್ಪು ತಂದು ಹಾಕಿದ್ದಳು. ಉಳಿದದ್ದು ನನ್ನ ಕೊಳವೆಯಲ್ಲಿ ಮಾತ್ರ.

ಸೋಮವಾರ ಬಾಗಿಲಲ್ಲಿ ಚಿಕ್ಕಮ್ಮ! ಕೈಯಲ್ಲಿ ಅದೇ ಹಿತ್ತಾಳೆ ಲೋಟ, ಅದರಲ್ಲಿ ಹಾಲು. ಹಿಂದೆ ತಲೆ ತಗ್ಗಿಸಿದ ಚಿಕ್ಕಪ್ಪ.

"ಅಮ್ಮಾ, ಒಳಗೆ ಬರಬಾರದು ರೀ!" ಮೇಷ್ಟ್ರು ಕೂಗಿದರು.

"ಚಪ್ಪಲಿ ಹೊರಗೇ ಬಿಟ್ಟೀನಿ ರೀ," ಎನ್ನುತ್ತ ಬಂದೇಬಿಟ್ಟಳು. "ನಮ್ಮವ್ವಂದು ಯಾವುದೋ?"

ನಾನು ಕೆಂಪು ಹಾಲಿನ ಕೊಳವೆ ತೋರಿಸಿದೆ.

"ಅಯ್ಯೋ, ಕುಂಕುಮ ಯಾಕೋ ಕಲಸಿದಿ?"

ನಾನು ಬಾಯಿ ತೆರೆಯುವ ಮೊದಲೇ ಹತ್ತಿ ಕಿತ್ತು, ತೀರ್ಥದಂತೆ ಬಗ್ಗಿಸಿಕೊಂಡು ನೆಕ್ಕಿದಳು. ನನ್ನ ಮೇಜಿನ ಜೊತೆಗಾರನ ಕೈಯಿಂದ ಬೀಕರ್ ಬಿದ್ದು ಚೂರಾಯಿತು. ಕೊಳವೆಗಳ ಸಾಲು ಅದಲುಬದಲಾಗಿದ್ದರೆ?

"ಉಗುಳ್ರೀ ಅಮ್ಮಾ! ಬೇಗ ಉಗುಳ್ರೀ!" ಮೇಷ್ಟ್ರು ಓಡಿಬಂದರು.

ಚಿಕ್ಕಮ್ಮ ತುಟಿ ಬಿಗಿದು, ನುಂಗಿ, ಮೆಲ್ಲಗೆ ಅಂದಳು: "ನಮ್ಮವ್ವನ್ನ ಹೆಂಗ್ ಉಗುಳ್ಲಿ ರೀ?"

ಮೇಷ್ಟ್ರು ಕೊಳವೆಯ ಮೇಲಿನ ಹೆಸರು ಓದಿ, ಒಂದು ಹನಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟು ಬಹಳ ಹೊತ್ತು ನೋಡಿದರು.

"ಅದಾಳೇನ್ರೀ?" ಚಿಕ್ಕಮ್ಮ ಕೇಳಿದಳು.

ಮೇಷ್ಟ್ರು ತಲೆ ಎತ್ತಿದರು. "ಇದ್ದಾರಮ್ಮ. ಚೆನ್ನಾಗಿದ್ದಾರೆ."

ಕೊಳವೆಯ ಬಾಯನ್ನು ದೀಪಕ್ಕೆ ಹಿಡಿದು, ಉಸಿರು ಕಟ್ಟಿ, ಅವಳ ಲೋಟಕ್ಕೆ ನಾಲ್ಕು ಹನಿ ಬಿಟ್ಟರು.

ಜ್ವರ ಬರಲಿಲ್ಲ. ಆದರೂ ಆ ತಿಂಗಳೆಲ್ಲ ಮೇಷ್ಟ್ರು ಹಾಜರಿ ಕೂಗುವ ಮೊದಲು, "ಚಿಕ್ಕಮ್ಮ ಹೇಗಿದ್ದಾರಯ್ಯ?" ಎಂದು ಕೇಳುತ್ತಿದ್ದರು.

ಮೇಷ್ಟ್ರು ಈಗಿಲ್ಲ. ಚಿಕ್ಕಪ್ಪ ಹೋದರು, ಅವರ ಹಿಂದೆಯೇ ಚಿಕ್ಕಮ್ಮ. ಅಂದು ಅಲ್ಲಿದ್ದು ಇನ್ನೂ ಬದುಕಿರುವವರೆಂದರೆ ನಾನು, ಸೊರಬದಲ್ಲಿರುವ ಆ ಜೊತೆಗಾರ, ಮತ್ತು ನಮ್ಮ ಅಡುಗೆಮನೆಯ ಮೂಲೆಯ ಗಡಿಗೆಯಲ್ಲಿರುವ ಅದು. ನಾನೂ ನನ್ನ ಹೆಂಡತಿಯೂ ಜಗಳಕ್ಕೆ ಹಿತ್ತಲಿಗೇ ಹೋಗುತ್ತೇವೆ.