ಇಗರ್ಜಿಯ ಹಾಲ್ ಮೇಲೊಂದು ನೀರಿನ ಟ್ಯಾಂಕ್

1993ರಲ್ಲಿ, ಏಳನೇ ಕ್ಲಾಸಿನ ನಡುವೆ, ನಾನು ಓದು ಬಿಟ್ಟು ಉಳಿ ಹಿಡಿದೆ. ಅಂದಿನಿಂದ ನಾನು ಕೂರಿಸಿದ ಒಂದು ಬಾಗಿಲೂ ಕಿರುಗುಟ್ಟಿಲ್ಲ. ಯಾರೂ ಕೇಳದಿದ್ದರೂ ಇದನ್ನು ಹೇಳುವ ಅಭ್ಯಾಸ ನನಗಿದೆ. ಓದಿದವರ ಮನೆಯಲ್ಲಾದರೆ ಸ್ವಲ್ಪ ಜೋರಾಗಿಯೇ ಹೇಳುತ್ತೇನೆ. ಈಗ ಸೌದಿಯ ರಿಯಾದಿನ ಮಲಾಜ್ ಬಡಾವಣೆಯಲ್ಲಿ ಸಂಸಾರ, ಹಿಂದಿನ ಗಲ್ಲಿಯಲ್ಲಿ ಮರಗೆಲಸದ ಅಂಗಡಿ.

ಹೀಗಿರುವಾಗ ಎಂಟನೇ ಕ್ಲಾಸಿನ ಮಗಳು ಸಫಾ ಶಾಲೆಯಿಂದ ಒಂದು ಹಾಳೆ ತಂದಳು. ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನ ಹಳ್ಳಿಯ ಪುಟ್ಟ ಇಗರ್ಜಿ, ಅಂದರೆ ಚರ್ಚು, ಪಕ್ಕದಲ್ಲಿ ಅದರ ಹಾಲ್, ಎರಡರ ಮಾದರಿ ಮಾಡಬೇಕಂತೆ. ಮೇಲೆ ಒಂದು ಚಿತ್ರ, ಕೆಳಗೆ ಪುಟ ತುಂಬ ಇಂಗ್ಲಿಷ್.

"ಓದಿ ಹೇಳ್ಲಾ ಅಬ್ಬ?" ಎಂದಳು. ಮಗಳು ಓದುವುದು, ಅಪ್ಪನಾದವನು ಬಾಯಿ ಬಿಟ್ಟು ಕೇಳುವುದು! "ನೀನು ನನಗೆ ಇಗರ್ಜಿ ಕಲಿಸ್ಬೇಡ ಮಾರಾಯ್ತಿ. ಇಗರ್ಜಿಯ ಬೆಂಚು ರಿಪೇರಿ ಮಾಡಿಯೇ ನಾನು ಕೆಲಸ ಕಲಿತದ್ದು" ಎಂದೆ. ಸುಳ್ಳಲ್ಲ. ಊರಿನಲ್ಲಿ ನನಗೆ ಕೆಲಸ ಕಲಿಸಿದ ಆಚಾರಿಗಳ ಜೊತೆ, ಬ್ರಿಟಿಷರ ಕಾಲದ ಸಣ್ಣ ಇಗರ್ಜಿಯೊಂದರಲ್ಲಿ ಬೇಸಿಗೆಯಿಡೀ ಕಳೆದಿದ್ದೆ. ಮೇಲೇರುತ್ತಾ ಚೂಪಾಗುವ ಕಿಟಕಿ ಕಮಾನು, ಕಡಿದಾದ ಹೆಂಚಿನ ಮಾಡನ್ನು ಹೊತ್ತು ಕೈ ಜೋಡಿಸಿದಂತೆ ನಿಂತ ತೊಲೆಗಳು, ಗೋಡೆ ವಾಲದಂತೆ ಹೊರಗಿನಿಂದ ಆನಿಸಿದ ಕಲ್ಲಿನ ಊರುಗಂಬಗಳು. ಬೆಂಚಿನ ಮೇಲೆ ಮಲಗಿ ಅದನ್ನೇ ನೋಡುತ್ತಿದ್ದಾಗ ಆಚಾರಿಗಳು, "ಎಂತದಾ, ಮಾಡು ನೋಡ್ಲಿಕ್ಕೂ ಸಂಬಳವಾ?" ಎಂದು ಬೈದದ್ದೂ ನೆನಪಿದೆ.

ಎರಡು ಶುಕ್ರವಾರಗಳಲ್ಲಿ ಇಗರ್ಜಿ ಎದ್ದು ನಿಂತಿತು. ಬಾಗಿಲಿಗೊಂದು ಪುಟ್ಟ ಚಾವಡಿ, ಮಾಡಿನ ತುದಿಯಲ್ಲಿ ಗಂಟೆ ತೂಗುವ ಕಮಾನು, ಯಾವುದರಲ್ಲೂ ಕೂದಲೆಳೆಯ ತಪ್ಪಿಲ್ಲ. ಹಾಲ್ ಬಗ್ಗೆ ಮಾತ್ರ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಇಪ್ಪತ್ತು ವರ್ಷದಿಂದ ಇಲ್ಲಿನ ಮದುವೆ ಹಾಲ್‌ಗಳಿಗೆ ಬಾಗಿಲು ಕೂರಿಸಿದವನು ನಾನು. ಇಲ್ಲಿನ ಪದ್ಧತಿಯಂತೆ ಕೈ ತಾನಾಗಿಯೇ ಗಂಡಸರಿಗೊಂದು, ಹೆಂಗಸರಿಗೊಂದು ಬಾಗಿಲು ಮಾಡಿಟ್ಟಿತು. ಚಿತ್ರದಲ್ಲಿ ಹಾಲ್‌ನ ಮಾಡಿನ ಮೇಲೆ ಇಟ್ಟಿಗೆಯ ಚೌಕ ಕಂಬವೊಂದಿತ್ತು. ಮಲಾಜ್‌ನಲ್ಲಿ ಯಾವ ತಾರಸಿ ನೋಡಿದರೂ ನೀರಿನ ಟ್ಯಾಂಕ್ ಇದ್ದೇ ಇರುತ್ತದೆ. ಅದಕ್ಕೆಂದೇ ಈ ಕಟ್ಟೆ ಕಟ್ಟಿ, ಮೇಲೆ ಟ್ಯಾಂಕ್ ಇಡಲು ಮರೆತಿದ್ದಾರೆ, ಪಾಪ, ಎಂದುಕೊಂಡು ನಾನೇ ಒಂದನ್ನು ಕಡೆದು, ಬಿಳಿ ಬಣ್ಣ ಬಳಿದು ಕಂಬದ ತಲೆಗೆ ಅಂಟಿಸಿದೆ.

ಹೆಂಡತಿ ಜುಬೈದಾ ನೋಡಿದವಳೇ, "ಅಲ್ಲಿ ದಿನಾ ಮಳೆಯಂತೆ. ಇಷ್ಟು ದೊಡ್ಡ ಟ್ಯಾಂಕ್ ಯಾರಿಗೆ?" ಎಂದು ನಕ್ಕಳು. ಸಫಾ ನಗಲಿಲ್ಲ. "ನಾಳೆ ಕ್ಲಾಸಿನ ಎದುರು ನಿಂತು ಹೇಳ್ಬೇಕಾದ್ದು ನಾನು ಅಬ್ಬ. ಇದೆಂತ ಅಂತ ಕೇಳಿದ್ರೆ?" ಅವಳ ಕಣ್ಣು ತುಂಬಿತ್ತು. ನನ್ನ ನಾಲಿಗೆ ತುದಿಯಲ್ಲಿದ್ದ ಕಿರುಗುಟ್ಟದ ಬಾಗಿಲುಗಳ ಮಾತು ಅಲ್ಲೇ ಒಣಗಿತು.

"ಯಲ್ಲಾ, ನಡಿ, ಓದು" ಎಂದು ನೆಲದ ಮೇಲೆ ಕುಳಿತೆ.

ಅವಳು ಓದುತ್ತಾ ಒಂದೊಂದನ್ನೇ ಕನ್ನಡದಲ್ಲಿ ಹೇಳಿದಳು. ಹಾಲ್‌ಗೆ ಎಲ್ಲರಿಗೂ ಒಂದೇ ಬಾಗಿಲು. ಆ ಕಂಬ ಚಿಮಣಿ. ಚಳಿಗೆ ಒಳಗೆ ಬೆಂಕಿ ಹಾಕಿ, ಊರವರೆಲ್ಲ ಸುತ್ತ ಕುಳಿತು ಚಹಾ ಕುಡಿಯುತ್ತಾರೆ. "ಹೊಗೆ ಹೋಗುವ ದಾರಿಗೆ ನೀವು ಮುಚ್ಚಳ ಹಾಕಿದ್ದಲ್ವಾ!" ಎಂದು ಜುಬೈದಾ ಮತ್ತೆ ಶುರು ಮಾಡಿದಳು. ಒಂದು ಬಾಗಿಲು ಕಿತ್ತು ಗೋಡೆ ಮುಚ್ಚಿದೆ. ಟ್ಯಾಂಕ್ ಮಾತ್ರ ಏನು ಮಾಡಿದರೂ ಏಳದೆ, ಕೊನೆಗೆ ಗರಗಸದಿಂದ ಕೊಯ್ದು ತೆಗೆಯಬೇಕಾಯಿತು. ನಾನು ಅಂಟಿಸಿದ್ದು ಬಿಡುವುದಿಲ್ಲ ಎಂದು ಗಿರಾಕಿಗಳೆದುರು ಕೊಚ್ಚಿಕೊಂಡದ್ದಕ್ಕೆಲ್ಲ ಅಂದು ಶಾಸ್ತಿಯಾಯಿತು.

ಮರುದಿನ ಟೀಚರ್ ಇದನ್ನು ಮಾಡಿದ್ದು ಯಾರೆಂದು ಕೇಳಿದರಂತೆ. "ಅಬ್ಬ ಮಾಡಿದ್ದು, ನಾನು ಓದಿ ಹೇಳಿದ್ದು" ಎಂದಳಂತೆ ಸಫಾ. ಅಂಗಡಿಗೆ ಬಂದವರಿಗೆ ನಾನು ಅದರ ಮೊದಲರ್ಧವನ್ನಷ್ಟೇ ಹೇಳುತ್ತೇನೆ.

ಈಗ ನನ್ನ ಬಳಿ ಇರುವುದು ಇಷ್ಟು: ಒಂದು ಅಂಗಡಿ, ನಾಲ್ಕು ಗರಗಸ, ಹನ್ನೊಂದು ಉಳಿ, ಹೆಬ್ಬೆರಳು ಗಾತ್ರದ ಒಂದು ನೀರಿನ ಟ್ಯಾಂಕ್, ಯಾವ ಗೋಡೆಗೂ ಬೇಡವಾದ ಒಂದು ಬಾಗಿಲು, ಮತ್ತು ಆ ಹಾಳೆ. ಅದರಲ್ಲಿ ನನಗೆ ಓದಲು ಬರುವ ಪದಗಳು ಆರು. ಒಂದು, ಚಿಮಣಿ.